ಹುಳ ನೋಡುವ ಬಸಕ್ಕ

ಹುಳ ನೋಡುವುದೆಂದರೆ ಏನೆಂದು ಕಂಪ್ಲಿ ಸೀಮೆಯ ಹೆಣ್ಣಾಳುಗಳನ್ನು ಕೇಳಬೇಕು. ಪೇಟೆಯವರು ನೋಡುವುದು ಕಣ್ಣಿನಿಂದ, ಇವರು ನೋಡುವುದು ಹೆಬ್ಬೆರಳ ಉಗುರಿನಿಂದ. ತಲೆ ನೋಡುವುದೆಂದರೆ ಹೇನು ಹುಡುಕಿ ಎರಡು ಉಗುರುಗಳ ನಡುವೆ ಚಟ್ ಎನ್ನಿಸುವುದು. ಹತ್ತಿ ನೋಡುವುದೆಂದರೆ ಕಾಯಿಗೆ ಬಿದ್ದ ಹುಳವನ್ನು ಆರಿಸಿ ಸೀಮೆಎಣ್ಣೆ ನೀರಿಗೆ ಹಾಕುವುದು. 'ನಾಳೆ ಹುಳ ನೋಡಾಕ ಬರ್ರಿ' ಎಂದು ಹೊಲದವರು ಹೇಳಿ ಕಳಿಸಿದರೆ, ಹೋಗಿ ಹುಳದ ಮುಖ ನೋಡಿ ಸುಮ್ಮನೆ ವಾಪಸು ಬರುವ ಹೆಂಗಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಈ ಒಂದು ಮಾತು ನೆನಪಿರಲಿ. ಮುಂದಿನ ರಾಮಾಯಣವೆಲ್ಲ ಇದರಿಂದಲೇ ಆದದ್ದು.

ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಕ್ಕೆ ಗಾಳೆಮ್ಮನ ಕೆರೆ ಇದೆ. ಅದರ ಏರಿಯ ಕೆಳಗಿನ ಹತ್ತಾರು ಮನೆಗಳಲ್ಲಿ ಒಂದು ಬಸಕ್ಕನದು. ಮದುವೆಯಾಗಿ ಬಂದ ವರ್ಷವೇ ಅತ್ತೆಯ ಹಿಂದೆ ಮೆಣಸಿನ ಹೊಲಕ್ಕೆ ಹುಳ ನೋಡಲು ಹೋದವಳು, ತಲೆ ಬೆಳ್ಳಗಾದರೂ ಆ ಕೆಲಸ ಬಿಟ್ಟಿರಲಿಲ್ಲ. ಅವಳ ಕೈ ಅಂದರೆ ಕೈ. ಮಾತು ಪಕ್ಕದ ಸಾಲಿನವಳ ಸೊಸೆಯ ಮೇಲಿರುತ್ತಿತ್ತು, ಕಣ್ಣು ದಾರಿಯ ಮೇಲಿರುತ್ತಿತ್ತು, ಬೆರಳು ಮಾತ್ರ ಎಲೆಯ ಅಡಿಗೆ ಹೋಗಿ ಹುಳವನ್ನು ಮುಗಿಸಿ ಬಂದಿರುತ್ತಿತ್ತು. 'ಬಸಕ್ಕ ನೋಡಿದ ಸಾಲಿಗೆ ಎಣ್ಣೆ ಹೊಡೆಯೋದು ಬ್ಯಾಡ' ಎಂದು ಎಮ್ಮಿಗನೂರಿನ ರೈತರು ಅನ್ನುತ್ತಿದ್ದರು. ಎಣ್ಣೆ ಅಂದರೆ ಇಲ್ಲಿ ಔಷಧಿ, ಒಗ್ಗರಣೆಯದಲ್ಲ. ಆ ಹೊಗಳಿಕೆ ಕೇಳಿದಾಗ ಬಸಕ್ಕ ಮುಖ ಆಚೆ ತಿರುಗಿಸುತ್ತಿದ್ದಳು. ನಗುವುದು ಕಾಣಬಾರದಲ್ಲ.

ಹುಳ ಯಾಕೆ ಬಂತು, ಎಲ್ಲಿಂದ ಬಂತು, ಯಾವ ಜಾತಿಯದು ಎಂದು ಕೇಳುವುದು ಅವಳ ಸ್ವಭಾವವಲ್ಲ. ಹೊಲದಲ್ಲಿ ಹೆಚ್ಚು ಪ್ರಶ್ನೆ ಕೇಳಿದವಳಿಗೆ ಮರುದಿನ ಕರೆ ಬರುವುದಿಲ್ಲವೆಂದು ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಬೇಕು, ಸೊಂಟ ಹಿಡಿದರೂ ಸಾಲು ಬಿಡಬಾರದು. ಬಸಕ್ಕನಿಗೆ ಗೊತ್ತಿದ್ದ ಧರ್ಮ ಇಷ್ಟೇ.

ಅವಳಿಗೆ ಮಕ್ಕಳಿರಲಿಲ್ಲ. ತಂಗಿ ತೀರಿಕೊಂಡ ಮೇಲೆ ತಂಗಿಯ ಮಗಳು ಸುಧಾರಾಣಿಯನ್ನು ತಂದು ಸಾಕಿದಳು. ಆ ಹುಡುಗಿಯ ಜಡೆ ಬಿಚ್ಚಿ, ಮೊಣಕಾಲ ಸಂದಿಯಲ್ಲಿ ಕೂರಿಸಿಕೊಂಡು, ಏರಿಯ ಮೇಲೆ ಅವಳು ತಲೆ ನೋಡುತ್ತಿದ್ದ ಸಂಜೆಗಳಿಗೆ ಲೆಕ್ಕವಿಲ್ಲ. ಸುಧಾರಾಣಿ ಶಾಲೆಯಲ್ಲಿ ಚುರುಕು. ಹೊಸಪೇಟೆಯ ಹಾಸ್ಟೆಲ್, ಆಮೇಲೆ ಬಳ್ಳಾರಿಯ ಹಾಸ್ಟೆಲ್, ಆಮೇಲೆ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ. ಕೊನೆಗೆ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸವೂ ಸಿಕ್ಕಿತು. ಏನು ಕೆಲಸ ಎಂದು ಊರವರು ಕೇಳಿದರೆ ಬಸಕ್ಕ, "ಹುಳ ನೋಡೋ ಕೆಲಸ" ಎನ್ನುತ್ತಿದ್ದಳು. "ಅದನ್ನ ನೀನ ಕಲಿಸ್ಬೋದಿತ್ತಲ್ಲ, ಅಷ್ಟು ಓದಿಸ್ಬೇಕಿತ್ತೇನು?" ಎಂದು ಅವರು ನಕ್ಕರೆ ಇವಳೂ ನಗುತ್ತಿದ್ದಳು.

ಬಸಕ್ಕನ ಗಂಡ ಜಂಬಪ್ಪ ಕೆರೆಯ ಮನುಷ್ಯ. ಬಿದಿರಿನಿಂದ ಹೆಣೆದು ಡಾಂಬರು ಬಳಿದ ದುಂಡನೆಯ ಪುಟ್ಟಿಯಲ್ಲಿ ಕೂತು ಮೀನು ಹಿಡಿಯುವವನು. ಹಂಪಿಯಲ್ಲಿ ಪುಟ್ಟಿ ಎಂದರೆ ನೋಡಲು ಬಂದವರಿಗೆ ಮೋಜು, ಸೆಲ್ಫಿ. ಜಂಬಪ್ಪನಿಗೆ ಅದು ಮನೆ. ನೆಲದ ಮೇಲೆ ಅವನು ಮಾತು ಕಡಿಮೆಯ ಗಂಡಸು, ಹತ್ತು ಮಾತು ಕೇಳಿದರೆ ಒಂದು ಹೇಳುವವನು. ನೀರಿಗಿಳಿದರೆ ಮಾತ್ರ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ. ಏರಿಯ ಮೇಲೆ ನಿಂತು ಆ ಹಾಡು ಕೇಳಿಸಿಕೊಳ್ಳುವುದು ಬಸಕ್ಕನಿಗೆ ಇಷ್ಟವಾಗಿತ್ತು.

ಆಮೇಲೆ ಅಂತರಗಂಗೆ ಬಂತು. ಕಾಲುವೆ ನೀರಿನಲ್ಲಿ ಎಲ್ಲಿಂದಲೋ ನಾಲ್ಕು ಗಿಡ ತೇಲಿ ಬಂದವು. ಉಬ್ಬಿದ ತೊಟ್ಟು, ಹೊಳೆಯುವ ಎಲೆ, ನವಿಲುಗರಿಯ ಕಣ್ಣಿರುವ ನೇರಳೆ ಹೂವು. ಚೆಂದವಿದೆಯೆಂದು ಕಿತ್ತು ಏರಿಯ ಮೇಲಿನ ದೇವತೆ ಗಾಳೆಮ್ಮನಿಗೆ ಏರಿಸಿದವರಲ್ಲಿ ಬಸಕ್ಕನೂ ಒಬ್ಬಳು. ಎರಡು ಮಳೆಗಾಲ ಕಳೆಯುವುದರೊಳಗೆ ಕೆರೆಯೇ ಕಾಣದಾಯಿತು. ದಡದಿಂದ ದಡಕ್ಕೆ ಹಸಿರು, ಕಲ್ಲು ಎಸೆದರೆ ನೀರಿನ ಸದ್ದಿಲ್ಲ. ಜೆಸಿಬಿ ತಂದು ತೆಗೆಸಿದರು, ಊರವರೆಲ್ಲ ಸೇರಿ ಎಳೆದು ಹಾಕಿದರು, ಅದು ರಕ್ತಬೀಜಾಸುರನ ಸಂತಾನದ ಹಾಗೆ ಮತ್ತೆ ಬಂತು. ಬಲೆ ಬೀಸಲು ಜಾಗವಿಲ್ಲದೆ ಜಂಬಪ್ಪ ಪುಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿದ. ಅದರಡಿಯಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಅವನು ಬಂಡ್ರಿ ಕಡೆಯ ಒಂದು ಗಣಿಯ ಗೇಟಿನಲ್ಲಿ ವಾಚ್‌ಮನ್ ಆಗಿ ಹೋದ.

ವಾರಕ್ಕೊಮ್ಮೆ ಬರುತ್ತಿದ್ದ. ಮೈಮೇಲೆಲ್ಲ ಅದಿರಿನ ಕೆಂಪು ಧೂಳು. ಬಚ್ಚಲಿನಿಂದ ಹರಿದುಬರುವ ಕೆಂಪು ನೀರಿನ ಮೇಲೆ ಬಸಕ್ಕ ಇನ್ನೊಂದು ಕೊಡ ನೀರು ಸುರಿಯುತ್ತಿದ್ದಳು. ಅವನು ಹಾಡುವುದನ್ನೂ ಬಿಟ್ಟಿದ್ದ. ಲಾರಿ ಗೇಟಿನಲ್ಲಿ ಕೂತು ಯಾರು ಹಾಡುತ್ತಾರೆ?

ಕೆರೆ ಸಂಘದ ಅಧ್ಯಕ್ಷರು ತೋಟಪ್ಪ. ಕಂಪ್ಲಿಯಲ್ಲಿ ಅವರದೊಂದು ರೈಸ್‌ಮಿಲ್ ಇತ್ತು, ಕೆರೆಯ ಕೆಳಗೆ ಗದ್ದೆಯೂ ಇತ್ತು. ಅಂತರಗಂಗೆ ತೂಬಿಗೆ ಸಿಕ್ಕಿಕೊಂಡು ನೀರು ಹರಿಯುತ್ತಿಲ್ಲವೆಂದು ಅವರಿಗೂ ತಲೆಬಿಸಿ. "ಕಳೆಗೆ ಎಣ್ಣೆ ಹೊಡೆಸಿಬಿಡೋಣ, ಒಂದ ಸಲಕ್ಕ ಪೀಡೆ ಹೋಗ್ತೈತಿ" ಎಂದರು. ಎಣ್ಣೆ ಹೊಡೆದರೆ ಅಷ್ಟೂ ಗಿಡ ನೀರಿನಲ್ಲೇ ಮುಳುಗಿ ಕೊಳೆಯುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಆ ಸುದ್ದಿ ಕೇಳಿದ ದಿನ ಜಂಬಪ್ಪ, ಅವನ ಲೆಕ್ಕಕ್ಕೆ ದೊಡ್ಡ ಭಾಷಣವನ್ನೇ ಮಾಡಿದ. "ಎಣ್ಣೆ ಹೊಡದ್ರ ಪುಟ್ಟಿ ಮುರದು ಒಲೀಗೆ ಹಾಕು" ಎಂದ.

ಇದನ್ನು ತಡೆದವಳು ಸುಧಾರಾಣಿ. ಅವಳು ತೋಟಪ್ಪನವರ ಮಿಲ್ಲಿಗೇ ಹೋಗಿ ಕೂತು ಒಂದು ವಿಷಯ ಹೇಳಿದಳು. ಅಂತರಗಂಗೆಯನ್ನೇ ತಿಂದು ಬದುಕುವ ಒಂದು ಜಾತಿಯ ಮೂತಿಹುಳ ಇದೆ. ಆ ಗಿಡ ಹುಟ್ಟಿದ ದೂರದ ಬಿಸಿಲ ನಾಡೇ ಹುಳದ ತವರು. ಬೇರೆ ಬೆಳೆ ಅದಕ್ಕೆ ರುಚಿಸುವುದಿಲ್ಲ, ಭತ್ತ ಕಬ್ಬಿನ ತಂಟೆಗೆ ಬರುವುದಿಲ್ಲ. ಬಲೆ ಕಟ್ಟಿ ಸ್ವಲ್ಪ ಜಾಗದಲ್ಲಿ ಬಿಡುತ್ತೇನೆ, ಬೇರೂರಿದರೆ ಕೆರೆಗೆಲ್ಲ ಬಿಡೋಣ. ತೋಟಪ್ಪ ಗಲ್ಲ ಕೆರೆದುಕೊಂಡರು. "ಹುಳ ಓಡ್ಸಾಕ ನಾನು ಮಿಲ್ಲಿನಾಗ ಒದ್ದಾಡ್ತೀನಿ, ನೀ ಹುಳ ಬಿಡಾಕ ಬಂದಿ" ಎಂದರು. ಆದರೂ ಕೆಟ್ಟ ಮನುಷ್ಯರಲ್ಲ, ಶ್ರಾವಣದವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಕೆರೆಯಲ್ಲಿ ಏನಾದರೂ ಗುರುತು ಕಾಣಬೇಕು, ಇಲ್ಲವಾದರೆ ಎಣ್ಣೆಯೇ.

ಯುಗಾದಿಯ ಮುಂಚೆ ಸುಧಾರಾಣಿ ಬಂದು ತೂಬಿನ ಮೆಟ್ಟಿಲ ಹತ್ತಿರ ಬಿದಿರು ನೆಟ್ಟು, ನೀಲಿ ಬಲೆ ಕಟ್ಟಿ, ಒಳಗಿನ ಗಿಡಗಳ ಮೇಲೆ ಹುಳ ಬಿಟ್ಟಳು. ಆ ದಿನ ಬಸಕ್ಕ ಎಮ್ಮಿಗನೂರಿನಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಸಂಜೆಯ ಬಸ್ಸಿಗೇ ಸುಧಾರಾಣಿ ಧಾರವಾಡದ ಕಡೆ ತರಬೇತಿಗೆ ಹೋಗಬೇಕಿತ್ತು, ದೊಡ್ಡವ್ವನನ್ನು ನೋಡದೆಯೇ ಹೋದಳು. ಮನೆಗೆ ಬಂದ ಬಸಕ್ಕ ರಜೆಗೆ ಬಂದಿದ್ದ ಗಂಡನನ್ನು ಕೇಳಿದಳು.

"ಏನ್ ಮಾಡಿ ಹೋದಳ್ರಿ?"

"ಬಲಿ ಕಟ್ಟಿದಳು."

"ಬಲ್ಯಾಗ ಏನೈತಿ?"

"ಹುಳ."

ಇಷ್ಟು ಹೇಳಿ ಜಂಬಪ್ಪ ಬಂಡ್ರಿಗೆ ಹೊರಟುಹೋದ. ಪುಣ್ಯಾತ್ಮ ಇನ್ನೆರಡು ಮಾತು ಖರ್ಚು ಮಾಡಿದ್ದರೆ ಗಂಟೇನು ಹೋಗುತ್ತಿತ್ತೋ.

ನಾಲ್ಕು ದಿನ ಬಿಟ್ಟು ಸುಧಾರಾಣಿಯ ಫೋನು ಬಂತು.

"ದೊಡ್ಡವ್ವ, ತೂಬಿನ ಹತ್ರ ಬಲಿ ಕಟ್ಟೀನಲ್ಲ, ಅದರಾಗ ದಿನಾ ಒಂದ್ಸಲ ಹುಳ ನೋಡ್ತಿರ್ತೀಯೇನು?"

"ಅದಕ್ಕೇನಬೇ, ನೋಡ್ತೀನಿ. ಎಂಥ ಹುಳ?"

"ಅಕ್ಕಿಯೊಳಗ ನುಸಿ ಇರ್ತೈತಲ್ಲ, ಹಂಗ ಮುಂದ ಸೊಂಡಿಲು ಇರ್ತೈತಿ, ಕೆಳಗ ಬಾಗಿರ್ತೈತಿ. ಆದ್ರ ನುಸಿಗಿಂತ ದಪ್ಪ. ಮೈಯೆಲ್ಲ ಬೂದಿ ಸವರಿದಂಗ ಕಾಣ್ತೈತಿ, ನೀರು ಅಂಟಂಗಿಲ್ಲ. ಬೆನ್ನಿನ ನಟ್ಟನಡುವೆ, ಆ ಕಡಿಗೊಂದು ಈ ಕಡಿಗೊಂದು ಕರೇ ಗೀರು ಇರ್ತಾವ. ಅದನ್ನ ನೋಡಿದ್ರ ಬ್ಯಾರೆ ಹುಳ ಅಲ್ಲ ಅಂತ ಗೊತ್ತಾಗ್ತೈತಿ."

"ಹಗಲೆಲ್ಲ ಕಾಣ್ತಾವೇನು?"

"ಹಗಲು ಸುಳಿಯೊಳಗ ಅಡಗಿರ್ತಾವ. ಮುಂಜಾನೆ ಜಲ್ದಿ ಹೋಗು. ಹುಳ ಕಾಣ್ದಿದ್ರೂ ಎಲಿ ನೋಡು, ಮ್ಯಾಲಿನ ಹಸಿರು ಚೌಕ ಚೌಕ ಕೆರೆದಂಗ ಇರ್ತೈತಿ. ಇನ್ನೊಂದು, ಕೈ ತಾಗಿದ್ರ ಕಾಲು ಮಡಚಿ ಸತ್ತಂಗ ಬಿದ್ದುಬಿಡ್ತಾವ. ಸತ್ತಾವ ಅಂತ ಮೋಸ ಹೋಗಬ್ಯಾಡ."

"ನನಗ ಹೇಳ್ತಿಯೇನಬೇ ನೀನು?" ಎಂದು ಬಸಕ್ಕ ನಕ್ಕಳು.

ಹುಳ ಗುರುತಿಸಲು ಬೇಕಾದ್ದನ್ನೆಲ್ಲ ಮಗಳು ಹೇಳಿದ್ದಳು, ಅವುಗಳನ್ನು ಕೊಲ್ಲಬಾರದು ಎಂಬುದೊಂದನ್ನು ಬಿಟ್ಟು. ಅದನ್ನೂ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹಾಸ್ಟೆಲ್ಲುಗಳಲ್ಲಿ ಇಷ್ಟು ವರ್ಷ ಕಳೆದ ಮೇಲೆ ನೋಡುವುದು ಅವಳಿಗೆ ಬರೀ ನೋಡುವುದೇ ಆಗಿತ್ತು. ಇತ್ತ ಬಸಕ್ಕನೂ ಕೇಳಲಿಲ್ಲ. ಬಲೆ ಕಟ್ಟಿ ಗಿಡ ಬೆಳೆಸಿದ್ದಾಳೆ, ಗಿಡಕ್ಕೆ ಹುಳ ಬಿದ್ದಿದೆ. ಹಾಳು ಕಳೆಯನ್ನು ಯಾಕೆ ಬೆಳೆಸಬೇಕೆಂದು ಒಂದು ಗಳಿಗೆ ಅನ್ನಿಸಿತು. ಆದರೆ ಈ ಗಿಡದ ನಾರಿನಿಂದ ಬುಟ್ಟಿ ಹೆಣೆಯುವುದನ್ನು ಯಾರೋ ಫೋನಿನಲ್ಲಿ ತೋರಿಸಿದ್ದರು, ಅಂಥದ್ದೇ ಏನೋ ಇರಬೇಕು. ಈ ಬಲೆಯ ಕೆಲಸ ಗೆದ್ದರೆ ಎಣ್ಣೆ ಹೊಡೆಯುವುದಿಲ್ಲ, ಗಂಡ ಕೆರೆಗೆ ಮರಳುತ್ತಾನೆ. ಅವಳಿಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಸೊಂಟದಲ್ಲಿ ಉಪ್ಪಿನಕಾಯಿಯ ಹಳೇ ಬಾಟಲಿ, ಅದರಲ್ಲಿ ಸೀಮೆಎಣ್ಣೆ ನೀರು. ಸುಳಿ ಬಿಡಿಸಿ ನೋಡಿದಳು. ಇದ್ದವು. ಸೊಂಡಿಲಿತ್ತು, ಬೂದಿ ಮೈ ಇತ್ತು, ಬೆನ್ನಿನ ಮೇಲೆ ಕಪ್ಪು ಗೀರೂ ಇತ್ತು. ಬೆರಳು ತಾಗಿದ ಕೂಡಲೇ ಒಂದು ಕಾಲು ಮಡಚಿ ದೊಪ್ಪನೆ ಬಿತ್ತು. "ನಾಟಕ ಮಾಡ್ತಿಯೇನು?" ಎಂದು ಅದನ್ನು ಹೆಕ್ಕಿ ಬಾಟಲಿಗೆ ಹಾಕಿದಳು. ಹತ್ತಿಯ ಹುಳಕ್ಕೆ ತೋರಿಸದ ಶ್ರದ್ಧೆಯನ್ನು ಈ ಹುಳಕ್ಕೆ ತೋರಿಸಿದಳು, ಯಾಕೆಂದರೆ ಇದು ಮಗಳ ಹೊಲ.

ಫೋನು ಬಂದಾಗಲೆಲ್ಲ ಅದೇ ಮಾತು.

"ಹುಳ ನೋಡ್ದೇನು ದೊಡ್ಡವ್ವ?"

"ನೋಡ್ದೆವ್ವ. ಒಂದೂ ಬಿಟ್ಟಿಲ್ಲ."

"ಎಷ್ಟು ಕಾಣ್ತಾವ?"

"ಮೊದ್ಲು ಭಾಳ ಇದ್ವು. ಈಗ ಕಮ್ಮಿ ಆಗ್ಯಾವ."

ಹುಳಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿರಬೇಕು, ಬಿಸಿಲಿಗೆ ಒಳಗೆ ಅಡಗಿರಬೇಕು ಎಂದು ಆ ಕಡೆ ಸುಧಾರಾಣಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. "ನೀನಿರೋದಕ್ಕ ನನಗ ಧೈರ್ಯ ನೋಡು" ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಬಸಕ್ಕ ಊಟ ಮಾಡುವಾಗ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು.

ಬೇಸಿಗೆ ಕಳೆಯುತ್ತಾ ಬಂದಂತೆ ಒಂದು ಚಿಂತೆ ಹತ್ತಿಕೊಂಡಿತು. ಇಷ್ಟು ನೋಡಿದರೂ ಬಲೆಯೊಳಗಿನ ಕೆಲವು ಗಿಡಗಳು ಸೊರಗುತ್ತಿದ್ದವು. ಎಲೆಯ ತೊಟ್ಟು ಒಳಗಿನಿಂದ ಕಂದಾಗಿ, ಬೆಂಡಾಗಿ, ಬುಡದಲ್ಲಿ ಮುರಿದು ನೀರಿಗೆ ಬೀಳುತ್ತಿತ್ತು. ಹುಳವಂತೂ ಕಾಣುವುದಿಲ್ಲ, ಹಾಗಿದ್ದರೆ ಇದು ರೋಗ ಎಂದುಕೊಂಡಳು. ಮೆಣಸಿನ ಗಿಡಕ್ಕೆ ರೋಗ ಬಂದರೆ ಬೇರುಸಮೇತ ಕಿತ್ತು ಬದುವಿನಾಚೆ ಎಸೆಯುವುದು ಪದ್ಧತಿ, ಪಕ್ಕದ ಗಿಡಕ್ಕೆ ತಗುಲಬಾರದು. ಬಸಕ್ಕ ಹಾಗೆಯೇ ಮಾಡಿದಳು. ಸೊರಗಿದ ಗಿಡ ಕಂಡಾಗಲೆಲ್ಲ ಕಿತ್ತು, ಬಲೆಯ ಮೇಲಿಂದ ಬೀಸಿ, ಕೆರೆಯ ಕಾಡಿನೊಳಕ್ಕೆ ಎಸೆದಳು. ಮಗಳಿಗೆ ಹೇಳಲಿಲ್ಲ. ನನಗೆ ಒಪ್ಪಿಸಿದ ಗಿಡವನ್ನು ನಾನು ಉಳಿಸಲಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಸೊಂಟ ನೋಯುತ್ತಿದ್ದದ್ದಕ್ಕಿಂತ ಇದೇ ಹೆಚ್ಚು ನೋಯುತ್ತಿತ್ತು.

ಶ್ರಾವಣದ ಎರಡನೇ ಸೋಮವಾರ ಸುಧಾರಾಣಿ ಬಂದಳು. ಜಂಬಪ್ಪನೂ ರಜೆಯ ಮೇಲೆ ಬಂದಿದ್ದ. ಮರುದಿನ ತೋಟಪ್ಪ ಕೆರೆ ನೋಡಲು ಬರುವವರಿದ್ದರು. ಮಗಳು ಚೀಲ ಇಟ್ಟವಳೇ ತೂಬಿಗೆ ಹೋದಳು, ಹಿಂದೆಯೇ ಬಸಕ್ಕ, ಸೆರಗಿನಡಿ ಏನನ್ನೋ ಹಿಡಿದುಕೊಂಡು. ಬಲೆಯೊಳಗೆ ಗಿಡಗಳು ದಟ್ಟವಾಗಿ, ಹಸಿರಾಗಿ, ಒಂದು ಕಲೆಯಿಲ್ಲದೆ ಹೊಳೆಯುತ್ತಿದ್ದವು. ಸುಧಾರಾಣಿ ನೀರಿಗಿಳಿದು ಒಂದು ಗಿಡ ಎತ್ತಿದಳು, ಇನ್ನೊಂದು ಎತ್ತಿದಳು. ಎಲೆಗಳ ಮೇಲೆ ಕೆರೆದ ಗುರುತು ಒಂದೂ ಇಲ್ಲ. ಅವಳ ಮುಖ ಬಾಡಿತು.

ಬಸಕ್ಕ ಅದನ್ನು ಗಮನಿಸಲಿಲ್ಲ. ಸೆರಗಿನಡಿಯಿಂದ ಬಾಟಲಿ ತೆಗೆದು ಮಗಳ ಕೈಗಿಟ್ಟಳು.

"ತೊಗೊ. ಎಲ್ಲಾ ಇದರಾಗ ಅದಾವ. ಎಣಿಸ್ಕೋ ಬೇಕಾದ್ರ."

ಸುಧಾರಾಣಿ ಬಾಟಲಿಯನ್ನು ಬಿಸಿಲಿಗೆ ಹಿಡಿದಳು. ತಳದಲ್ಲಿ ಬೂದು ಬಣ್ಣದ ಪದರ, ಕಾಲು ಮಡಚಿಕೊಂಡ ಸಣ್ಣ ಸಣ್ಣ ಮೈಗಳು. ಇವು ನಾಟಕ ಮಾಡುತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ದೊಡ್ಡವ್ವ, ಇದೇನ್ ಮಾಡಿದಿ?"

"ನೀ ಹೇಳಿದ್ದ ಮಾಡೀನಿ. ಹುಳ ನೋಡೀನಿ."

"ಇವನ್ನ ನಾನ ಬಿಟ್ಟಿದ್ದು. ಗಿಡ ತಿನ್ನಲಿ ಅಂತ ಬಿಟ್ಟಿದ್ದು."

ಬಸಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳೂ ಕೂತಳು. ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಮಗಳು ಸುಮ್ಮನೆ ಬಾಟಲಿ ತಿರುಗಿಸುತ್ತಿದ್ದಳು, ಕಣ್ಣು ತುಂಬಿತ್ತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಡೀ ಸೀಮೆ ಹೊಗಳಿದ ತನ್ನ ಕೈಗಳನ್ನು ಬಸಕ್ಕ ನೋಡಿಕೊಂಡಳು, ಅಸಹ್ಯವೆನಿಸಿತು. ಎರಡನ್ನೂ ಸೆರಗಿನೊಳಗೆ ಸುತ್ತಿ ಮುಚ್ಚಿಟ್ಟಳು. ಪುಟ್ಟಿ ಒಲೆಗೆ ಹೋಗುತ್ತದೆ. ಗಂಡ ಆ ಕೆಂಪು ಧೂಳಿನಲ್ಲೇ ಮುದುಕನಾಗುತ್ತಾನೆ. ಮಾಡಿದವಳು ನಾನೇ, ಈ ಕೈಯಾರೆ.

"ತಪ್ಪು ನಂದ ದೊಡ್ಡವ್ವ" ಎಂದಳು ಸುಧಾರಾಣಿ ಕೊನೆಗೆ. "ಹುಳ ನೋಡ್ಕೋ ಅನ್ನಬೇಕಿತ್ತು. ಹುಳ ನೋಡು ಅಂದೆ. ಇದ ಏರಿ ಮ್ಯಾಲೆ ಕೂತು ನನ್ನ ತಲಿ ನೋಡ್ತಿದ್ದಿ ನೀನು. ನೋಡೋದು ಅಂದ್ರ ಏನಂತ ನನಗ ಗೊತ್ತಿರಬೇಕಿತ್ತು. ಮರ್ತೆ."

ಏರಿಯ ಮೇಲೆ ನಿಂತಿದ್ದ ಜಂಬಪ್ಪ ಕೆಮ್ಮಿದ. "ನಾನೂ ಬರೀ ಹುಳ ಅಂದೆ" ಎಂದ. ಅವನಿಂದ ಇದು ದೊಡ್ಡ ಒಪ್ಪಿಗೆಯೇ.

ಇಬ್ಬರೂ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡದ್ದು ನೋಡಿ ಬಸಕ್ಕ ಸೆರಗಿನೊಳಗಿನ ಕೈ ಹೊರತೆಗೆದಳು. ಇನ್ನು ಮುಚ್ಚಿಟ್ಟು ಏನಾಗಬೇಕು?

"ಇನ್ನೊಂದು ಐತಬೇ. ಅದನ್ನೂ ಹೇಳಿಬಿಡ್ತೀನಿ. ನಿನ್ನ ಗಿಡಾನೂ ನಾ ಉಳಿಸ್ಲಿಲ್ಲ. ರೋಗ ಬಂತು. ತೊಟ್ಟೆಲ್ಲ ಒಳಗ ಕೊಳತು ಮುರದು ಬೀಳ್ತಿದ್ವು. ನಿನಗ ಕಾಣಬಾರ್ದು ಅಂತ ಕಿತ್ತು ಒಗದೆ."

ಸುಧಾರಾಣಿ ತಲೆ ಎತ್ತಿದಳು. "ಒಳಗ ಕೊಳತು? ತೂತು ಇತ್ತೇನು?"

"ಕರೇ ಗೆರಿ ಇತ್ತು, ಒಳಗೊಳಗ ಕೊರದಂಗ."

"ಎಲ್ಲಿ ಒಗದಿ?"

"ಅಲ್ಲಿ, ಬಲಿ ಆಚಿಗೆ. ಒಂದಲ್ಲ ಎರಡಲ್ಲ, ಭಾಳ ಒಗದೀನಿ. ಬೈಯಬ್ಯಾಡ ನನ್ನ."

ಸುಧಾರಾಣಿ ಬೈಯಲಿಲ್ಲ. ಎದ್ದು ನಿಂತು, "ದೊಡ್ಡಪ್ಪ, ಪುಟ್ಟಿ ತೊಗೊಂಡು ಬಾ" ಎಂದಳು.

ಜಂಬಪ್ಪ ಅಂಗಳಕ್ಕೆ ಹೋಗಿ ಕೋಳಿಗಳನ್ನು ಎಬ್ಬಿಸಿ, ಮೊಟ್ಟೆಗಳನ್ನು ಮೊರಕ್ಕೆ ಹಾಕಿ, ಪುಟ್ಟಿಯನ್ನು ಆಮೆಯ ಚಿಪ್ಪಿನಂತೆ ಬೆನ್ನಿಗೇರಿಸಿಕೊಂಡು ಬಂದ. ಡಾಂಬರು ಒಣಗಿ ಬಿರುಕು ಬಿಟ್ಟಿತ್ತು, ತಳದಲ್ಲಿ ನೀರು ಜಿನುಗುತ್ತಿತ್ತು. ಮೂವರೂ ಕೂತರು. ಗಿಡಗಳನ್ನು ಬಿದಿರಿನಿಂದ ಒತ್ತಿ ಒತ್ತಿ ದಾರಿ ಮಾಡಿಕೊಂಡು ಬಲೆಯ ಆಚೆಗೆ ಹೋಗುವುದರಲ್ಲಿ ಬಸಕ್ಕನ ಸೀರೆ ತೊಯ್ದಿತ್ತು.

ಅಲ್ಲಿ ಅಂತರಗಂಗೆಯ ಬಣ್ಣವೇ ಬೇರೆಯಾಗಿತ್ತು. ಎಲೆಗಳ ಅಂಚು ಸುಟ್ಟಂತೆ ಕಂದು. ಪ್ರತಿ ಎಲೆಯ ಮೇಲೂ ಸಣ್ಣ ಸಣ್ಣ ಚೌಕ, ಯಾರೋ ಉಗುರಿನಿಂದ ಹಸಿರು ಕೆರೆದು ಬಿಟ್ಟಂತೆ. ಸುಧಾರಾಣಿ ಒಂದು ತೊಟ್ಟನ್ನು ಸೀಳಿದಳು. ಒಳಗೆ ಸುರಂಗ, ಸುರಂಗದ ಕೊನೆಯಲ್ಲಿ ಕಾಲಿಲ್ಲದ ಬಿಳಿ ಮರಿ, ಕಿತ್ತಳೆ ಬಣ್ಣದ ತಲೆ. ಅವಳು ನಗತೊಡಗಿದಳು. ಕಣ್ಣೀರು ಇಳಿಯುತ್ತಿತ್ತು, ನಗುತ್ತಲೂ ಇದ್ದಳು.

"ರೋಗ ಅಲ್ಲ ದೊಡ್ಡವ್ವ. ನೀ ನೋಡೋಕಿಂತ ಮೊದ್ಲ ಅವು ತತ್ತಿ ಇಟ್ಟುಬಿಟ್ಟಿದ್ವು, ತೊಟ್ಟಿನೊಳಗ. ದೊಡ್ಡ ಹುಳ ನಿನಗ ಸಿಕ್ವು, ಮರಿ ಸಿಗಲಿಲ್ಲ. ಮರಿ ಇದ್ದ ಗಿಡಾನ ನೀ ರೋಗ ಅಂತ ಇಲ್ಲಿಗೆ ಒಗದಿ. ಅವು ಇಲ್ಲೇ ಬೇರಿನಾಗ ಗೂಡು ಕಟ್ಟಿ, ಹುಳ ಆಗಿ, ಸಂಸಾರ ಹೂಡ್ಯಾವ. ಬಲಿಯೊಳಗ ಇದ್ದಿದ್ರ ಹೊರಗ ಬಂದಕೂಡ್ಲೇ ನಿನ್ನ ಬಾಟ್ಲಿಗೆ ಹೋಗ್ತಿದ್ವು."

ಬಸಕ್ಕ ಸೀಳಿದ ತೊಟ್ಟನ್ನು ಕೈಗೆ ತೆಗೆದುಕೊಂಡಳು. "ಅಂದ್ರ ನಾ ಮಾಡಿದ್ದು ಛಲೋ ಆತೋ, ಕೆಟ್ಟದ್ದಾತೋ?"

"ನೋಡಿದ್ದು ಕೆಟ್ಟದ್ದಾತು. ಒಗದಿದ್ದು ಛಲೋ ಆತು" ಎಂದ ಜಂಬಪ್ಪ.

ಸುಧಾರಾಣಿ ಒಂದು ಸುಳಿ ಬಿಡಿಸಿ, ಒಳಗಿದ್ದ ಒಂದು ಹುಳವನ್ನು ಬೆರಳ ತುದಿಯಿಂದ ದೊಡ್ಡವ್ವನ ಅಂಗೈಗೆ ಉರುಳಿಸಿದಳು. ಅದು ಕಾಲು ಮಡಚಿಕೊಂಡು ಜೋಳದ ಹೊಟ್ಟಿನ ಚೂರಿನಂತೆ ಬಿದ್ದುಕೊಂಡಿತು. ಬಸಕ್ಕನ ಇನ್ನೊಂದು ಕೈಯ ಹೆಬ್ಬೆರಳು ತಾನಾಗಿಯೇ ಎದ್ದಿತು. ಜೀವಮಾನದ ಅಭ್ಯಾಸ, ಅದಕ್ಕೆ ಹೇಳಿದರೆ ಕೇಳುವುದಿಲ್ಲ. ಅವಳು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿ ಗಟ್ಟಿಯಾಗಿ ಹಿಡಿದುಕೊಂಡಳು.

"ಈಗೇನ್ ಮಾಡ್ಬೇಕು?"

"ಏನೂ ಬ್ಯಾಡ. ಸುಮ್ನ ಇರು."

ಸುಮ್ಮನಿದ್ದಳು. ಹುಳವೂ ಸುಮ್ಮನಿತ್ತು. ಆಮೇಲೆ ಮೊದಲು ಸೊಂಡಿಲು ಅಲುಗಿತು, ಸೊಂಡಿಲಿನ ಮೇಲಿನ ಎರಡು ಮೀಸೆ ಮೆಲ್ಲಗೆ ಬಿಚ್ಚಿಕೊಂಡವು. ಒಂದು ಕಾಲು, ಇನ್ನೊಂದು ಕಾಲು. ಹೊರಳಿ ಎದ್ದು ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಂತೆ ಅಂಗೈಯ ಗೆರೆಯ ಮೇಲೆ ನಡೆಯತೊಡಗಿತು. ಬೆನ್ನಿನ ಮೇಲೆ ಕಾಡಿಗೆಯ ಕಡ್ಡಿಯಲ್ಲಿ ಎಳೆದಂಥ ಎರಡು ಗೀರು. ಇಷ್ಟು ದಿನ ಈ ಗೀರುಗಳನ್ನು ಗುರುತು ಹಿಡಿಯಲೆಂದಷ್ಟೇ ಕಂಡಿದ್ದಳು, ನಡೆಯುವ ಹುಳದ ಮೇಲೆ ಅವು ಹೀಗೆ ಕಾಣುತ್ತವೆಂದು ಗೊತ್ತಿರಲಿಲ್ಲ.

"ಥೇಟ್ ನಿನ್ನಂಗ" ಎಂದಳು. "ಪಾಟಿ ತೊಗೊಂಡು ಸಾಲಿಗೆ ಹೋಗು ಅಂದ್ರ ಹಿಂಗ ಕಾಲು ಮಡಚಿ ಸತ್ತಂಗ ಮಲಗ್ತಿದ್ದಿ. ನಾ ಆ ಕಡಿ ಹೋದ ಕೂಡ್ಲೇ ಎದ್ದು ಓಡ್ತಿದ್ದಿ." ಅಂಗೈಯನ್ನು ಮುಖದ ಹತ್ತಿರ ತಂದಳು. "ಎಷ್ಟು ಕೊಂದ್ನೋ ಯವ್ವಾ." ಹುಳ ಬೆರಳ ತುದಿಗೆ ಬಂದಾಗ ಅವಳೇ ಕೈ ಚಾಚಿ ಅದನ್ನು ಎಲೆಗೆ ಇಳಿಸಿದಳು.

ಮರುದಿನ ತೋಟಪ್ಪ ಬಿಳಿ ಪಂಚೆ ಎತ್ತಿ ಹಿಡಿದು, ಪುಟ್ಟಿಯಲ್ಲಿ ಜೀವ ಬಿಗಿಹಿಡಿದು ಕೂತು, ಆ ಜಾಗವನ್ನು ಕಣ್ಣಾರೆ ಕಂಡರು. ತೊಟ್ಟು ಸೀಳಿಸಿದರು, ಎಲೆ ಮುಟ್ಟಿದರು. ಪೂರ್ತಿ ಕೆರೆ ತೆರವಾಗಲು ವರ್ಷಗಳೇ ಬೇಕಾಗಬಹುದೆಂದು ಸುಧಾರಾಣಿ ಮುಚ್ಚಿಡದೆ ಹೇಳಿದಳು. ಅವರು ಮತ್ತೆ ಗಲ್ಲ ಕೆರೆದುಕೊಂಡರು. ತೂಬಿನ ಬಾಯಿಯ ಹತ್ತಿರ ಆಳುಗಳಿಂದ ಕೀಳಿಸೋಣ, ಎಣ್ಣೆ ಸದ್ಯಕ್ಕೆ ಬೇಡ ಎಂದರು.

"ಆತು, ಇನ್ನೊಂದು ವರ್ಷ ನೋಡೋಣ."

ಪುಟ್ಟಿಯ ಇನ್ನೊಂದು ಅಂಚಿನಲ್ಲಿ ಕೂತಿದ್ದ ಬಸಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದಳು. "ಸಾವ್ಕಾರ್ರ, ನೋಡೋಣ ಅಂದ್ರ ಯಾವ ನೋಡೋದ್ರಿ? ಬಿಡಿಸಿ ಹೇಳ್ರಿ. ನಮ್ಮ ಮನ್ಯಾಗ ಅದರಿಂದ ಭಾಳ ಅನಾಹುತ ಆಗೈತಿ."

ಕಥೆ ಗೊತ್ತಾದ ಮೇಲೆ ತೋಟಪ್ಪ ಪುಟ್ಟಿ ಅಲ್ಲಾಡುವಷ್ಟು ನಕ್ಕರು. ಆ ಕಥೆ ಅವರ ಮಿಲ್ಲಿನಿಂದ ಕಂಪ್ಲಿಯ ಬಸ್‌ಸ್ಟ್ಯಾಂಡಿಗೂ ಹೋಯಿತು. ಬಸಕ್ಕನನ್ನು ಕಂಡವರು ಈಗಲೂ, "ಏನಬೇ, ಹುಳ ನೋಡ್ಕೊಂಡಿಯೋ, ನೋಡಿದಿಯೋ?" ಎಂದು ಕಾಡುತ್ತಾರೆ. ಅವಳು ಸಿಟ್ಟಾಗುವುದಿಲ್ಲ.

ಕಾರ್ತಿಕದ ಹೊತ್ತಿಗೆ ಬಲೆಯಾಚೆ, ಸೊರಗಿದ ಗಿಡಗಳು ಮುಳುಗಿದ ಕಡೆ, ರಾಶಿ ಮಾಡುವ ಒಂದು ಕಣದಷ್ಟು ಅಗಲ ನೀರು ಬಿಚ್ಚಿಕೊಂಡಿತ್ತು. ಅಷ್ಟರಲ್ಲಿ ಬಲೆ ಬೀಸಿ ಹೊಟ್ಟೆ ತುಂಬುವುದಿಲ್ಲ, ಜಂಬಪ್ಪ ಇನ್ನೂ ಬಂಡ್ರಿಗೆ ಹೋಗಿಬರುತ್ತಲೇ ಇದ್ದಾನೆ. ಆದರೆ ಪುಟ್ಟಿಗೆ ಹೊಸ ಡಾಂಬರು ಬಳಿದಿದ್ದಾನೆ. ಕೋಳಿಗಳಿಗೆ ಬೇರೆ ಬುಟ್ಟಿ ಬಂದಿದೆ. ರಜೆಯ ಬೆಳಿಗ್ಗೆ ಅವನು ಆ ಸಣ್ಣ ನೀರಿನಲ್ಲಿ ಪುಟ್ಟಿ ಬಿಟ್ಟು ಸುಮ್ಮನೆ ಸುತ್ತು ಹಾಕುತ್ತಾನೆ.

ಅಂಥದೊಂದು ಬೆಳಿಗ್ಗೆ ಬಸಕ್ಕ ಬಲೆಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಸುಧಾರಾಣಿ ಹೊಸದಾಗಿ ಬಿಟ್ಟುಹೋದ ಹುಳಗಳು ಎಲೆಯ ಮೇಲಿದ್ದವು. ಸೊಂಟದಲ್ಲಿ ಬಾಟಲಿ ಇರಲಿಲ್ಲ. ಹೆಬ್ಬೆರಳು ಮುಷ್ಟಿಯೊಳಗಿತ್ತು. ಸೆರಗಿನ ಗಂಟಿನಲ್ಲಿದ್ದ ಫೋನು ಹೊಡೆದುಕೊಂಡಿತು.

"ಹುಳ ನೋಡ್ದೇನು ದೊಡ್ಡವ್ವ?"

ನೀರಿನ ಕಡೆಯಿಂದ ಹಾಡು ಕೇಳಿಸುತ್ತಿತ್ತು. ಬಸಕ್ಕ ಫೋನನ್ನು ಒಂದು ಸಲ ಆ ಕಡೆ ಹಿಡಿದು, ಆಮೇಲೆ ಹೇಳಿದಳು.

"ನೋಡ್ದೆವ್ವ. ಎಲ್ಲಾನೂ ಬಿಟ್ಟೀನಿ."